ಭೀಮಣ್ಣ ನಡೆಸಿದ ನೀರು

ಬಿಸಿನೀರಿನ ಪೈಪನ್ನು ಭೀಮಣ್ಣ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ನೋಡುವವರ ಹಾಗೆ ಕೈಯ ಹಿಂಬದಿಯನ್ನು ಮೆಲ್ಲಗೆ ತಾಗಿಸಿ, ಕಣ್ಣು ಮುಚ್ಚಿ, ಪೈಪಿನುದ್ದಕ್ಕೂ ಸರಿಸಿಕೊಂಡು ಹೋಗುತ್ತಿದ್ದರು. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. "ಇಲ್ಲಿ ನಿಂತದ ನೋಡ್ರಿ" ಎನ್ನುತ್ತಿದ್ದರು. ಬಿಚ್ಚಿದರೆ ಅಲ್ಲೇ ಗಾಳಿ ಸಿಕ್ಕಿಕೊಂಡಿರುತ್ತಿತ್ತು, ಇಲ್ಲವೇ ಉಪ್ಪು ಕಟ್ಟಿರುತ್ತಿತ್ತು. ಸರಿಮಾಡಿ ಮತ್ತೆ ಕೈಯಿಟ್ಟು, ಒಳಗೆ ನೀರು ಹರಿಯತೊಡಗಿದ್ದು ಗೊತ್ತಾದಾಗ ಅವರು ಹೇಳುತ್ತಿದ್ದುದು ಒಂದೇ ಮಾತು: "ನಡದದ್ರಿ."

ಶಹಾಪುರದ ಕಡೆಯಿಂದ ಪುಣೆಗೆ ಇಟ್ಟಿಗೆ ಹೊರಲು ಬಂದು, ಪ್ಲಂಬಿಂಗ್ ಕಲಿತು, ಕೊನೆಗೆ ಸೋಲಾರ್ ಬಿಸಿನೀರಿನ ಕೆಲಸಕ್ಕೆ ನಿಂತವರು ಅವರು. ಪುಣೆಯ ನಮ್ಮ ವಾಕಡ ಬಡಾವಣೆಯ ತಾರಸಿಗಳ ಮೇಲೆ ಗಿರಾಕಿಗಳ ಜೊತೆ ಮರಾಠಿಯಲ್ಲೂ ಪೈಪುಗಳ ಜೊತೆ ಕನ್ನಡದಲ್ಲೂ ಮಾತಾಡುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ನನ್ನ ದಡ್ಡತನದಿಂದ. ಮಗು ಹುಟ್ಟುವ ಮುಂಚೆ, ಅದರ ಬಟ್ಟೆ ಒಣಹಾಕಲು ತಂತಿ ಕಟ್ಟಬೇಕೆಂದು ತಾರಸಿಯನ್ನು ಒಪ್ಪಮಾಡಲು ಹೊರಟೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ಕೂತಿದ್ದ ಸೋಲಾರ್ ಟ್ಯಾಂಕು ಅಡ್ಡ ಬಂತು. ವೆಲ್ಡಿಂಗ್‌ನವನನ್ನು ಕರೆಸಿ, ಸ್ಟ್ಯಾಂಡಿನ ಕಾಲು ಕತ್ತರಿಸಿ, ಟ್ಯಾಂಕನ್ನು ಬಿಸಿಲು ಹೀರುವ ಪ್ಯಾನೆಲ್ಲಿನ ಪಕ್ಕಕ್ಕೆ ಇಳಿಸಿಬಿಟ್ಟೆ. ನಾನೂ ಇಂಜಿನಿಯರ್ ತಾನೆ, ಕಂಪ್ಯೂಟರಿನದಾದರೇನು!

ಹೆರಿಗೆಯಾಯಿತು, ಬಾಣಂತನಕ್ಕೆ ಮಂಡ್ಯದಿಂದ ಅಮ್ಮ ಬಂದಳು. ಡಿಸೆಂಬರಿನ ಚಳಿ. ಸಂಜೆ ಕೈಸುಡುತ್ತಿದ್ದ ನೀರು ಬೆಳಿಗ್ಗೆಗೆ ಉಗುರುಬೆಚ್ಚಗೂ ಇರುತ್ತಿರಲಿಲ್ಲ. ಅಮ್ಮ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸಿ, ನನ್ನ ಓದಿಗೂ ಸೇರಿಸಿ ಬೈಯುತ್ತಿದ್ದಳು. ಪ್ಯಾನೆಲ್ ಕೆಟ್ಟಿದೆ ಎಂದು ನಾನೇ ತೀರ್ಮಾನಿಸಿ ಭೀಮಣ್ಣನವರನ್ನು ಕರೆಸಿದೆ.

ಅವರು ಪ್ಯಾನೆಲ್ ಮುಟ್ಟಲೂ ಇಲ್ಲ. "ಅಕ್ಕಾರ, ಈ ಟ್ಯಾಂಕ್ ಯಾರ್ ಇಳಿಸ್ಯಾರ್ರಿ?"

"ನಾನೇ. ಯಾಕೆ, ಪೈಪೆಲ್ಲ ಹಾಗೇ ಇದೆಯಲ್ಲ?"

"ಹಗಲೆಲ್ಲಾ ಬಿಸಿಲು ಕಾಸಿದ ನೀರು ರಾತ್ರಿ ತಿರುಗಿ ಪ್ಯಾನೆಲ್ಲಿಗೇ ಹೋಗಿ ಆರಿ ಬರ್ಲಕತ್ತದ್ರಿ" ಎಂದರು. ನಾನು ನಂಬಲಿಲ್ಲ. ಮೋಟರೇ ಇಲ್ಲದೆ ನೀರು ಹೋಗಿ ಬರುವುದೆಂದರೇನು?

ಅವರು ಅಮ್ಮನಿಂದ ಒಂದು ಗಾಜಿನ ಬರಣಿ, ಮಗುವಿನ ಔಷಧಿಯ ಖಾಲಿ ಬಾಟಲಿ, ಬಟ್ಟೆಗೆ ಹಾಕುವ ನೀಲಿ ಕೇಳಿ ಪಡೆದರು. ಬರಣಿಗೆ ತಣ್ಣೀರು. ಬಾಟಲಿಗೆ ಕುದಿನೀರು, ಒಂದು ಹನಿ ನೀಲಿ. ಬಾಟಲಿಯ ಕತ್ತಿಗೆ ದಾರ ಕಟ್ಟಿ ಬರಣಿಯ ತಳಕ್ಕೆ ಇಳಿಬಿಟ್ಟರು. ತೆರೆದ ಬಾಯಿಂದ ನೀಲಿ ಎದ್ದಿತು. ಅಲುಗಾಡಿಸುವವರಿಲ್ಲ, ಊದುವವರಿಲ್ಲ, ಸುರುಳಿ ಸುರುಳಿಯಾಗಿ ತಾನೇ ಮೇಲೇರಿ, ನೀರಿನ ನೆತ್ತಿಯಲ್ಲಿ ಹಾಸಿಕೊಂಡು ನಿಂತಿತು. ಕೆಳಗೆ ತಿಳಿನೀರು ತಿಳಿಯಾಗಿಯೇ ಉಳಿಯಿತು. ಅಮ್ಮ ಬೈಯುವುದನ್ನು ಮರೆತಳು.

"ಬಿಸಿ ಆತಂದ್ರ ನೀರು ಹಗುರ ಆಗ್ತದ, ಮ್ಯಾಲ ಹೋಗ್ತದ. ತಣ್ಣಗಾತಂದ್ರ ಭಾರ, ಕೆಳಗ ಇಳಿತದ. ಟ್ಯಾಂಕ್ ಮ್ಯಾಲಿದ್ರ ಬಿಸಿನೀರು ಹೋಗಿ ಅಲ್ಲೇ ಕೂಡ್ತದ. ನೀವು ಅದರ ಮನೀನೇ ಕೆಳಗ ಇಳಿಸೀರಿ. ರಾತ್ರಿ ಪ್ಯಾನೆಲ್ಲಿನಾಗ ಆರಿದ ನೀರು ಭಾರಾಗಿ ಇಳಿತದ, ಟ್ಯಾಂಕಿನ ಬಿಸಿನೀರು ಆ ಜಾಗಕ್ಕ ಬರ್ತದ."

ಮರುದಿನ ಟ್ಯಾಂಕು ಮತ್ತೆ ಎತ್ತರಕ್ಕೇರಿತು. ಬಿಸಿಲು ಬಿದ್ದ ಮೇಲೆ ನನ್ನ ಕೈಯನ್ನೇ ಪೈಪಿನ ಮೇಲೆ ಇಡಿಸಿದರು. ಸದ್ದಿಲ್ಲ, ನಡುಕವಿಲ್ಲ. ಆದರೆ ಬಿಸಿ ಗೇಣು ಗೇಣಾಗಿ ನನ್ನ ಬೆರಳ ಕೆಳಗೇ ಹತ್ತಿಹೋಯಿತು. ಶಾಲೆಯಲ್ಲಿ ಇದನ್ನೆಲ್ಲ ಓದಿ ಅಂಕ ತೆಗೆದವಳು ನಾನು. ಕಂಡದ್ದು ಮಾತ್ರ ಆವತ್ತು.

ಅವರ ಚೀಲದಲ್ಲಿ ಯಾವಾಗಲೂ ಊದುಬತ್ತಿ ಇರುತ್ತಿತ್ತು. ದೈವಭಕ್ತರು ಎಂದು ಅಮ್ಮ ಮೆಚ್ಚಿಕೊಂಡಿದ್ದಳು. ಮಗುವಿಗೆ ನೆಗಡಿ ಬಿಡುತ್ತಿಲ್ಲವೆಂದು ಅವಳು ಗೊಣಗಿದ ದಿನ ಊದುಬತ್ತಿಯ ನಿಜ ತಿಳಿಯಿತು. ಹೀಟರ್ ಹಾಕಿದ ಕೋಣೆಯ ಬಾಗಿಲನ್ನು ತುಸು ತೆರೆದು, ಹಚ್ಚಿದ ಬತ್ತಿಯನ್ನು ಬಾಗಿಲ ಮೇಲ್ತುದಿಗೆ ಹಿಡಿದರು. ಹೊಗೆ ಹೊರಗೆ ಹೋಯಿತು. ಹೊಸ್ತಿಲ ಬಳಿ ಹಿಡಿದರು. ಅದೇ ಹೊಗೆ ಬಾಗಿ ಒಳಗೆ ನುಗ್ಗಿ, ನೆಲದ ಮೇಲೆ ಮಗು ಮಲಗಿದ್ದ ಹಾಸಿಗೆಯವರೆಗೂ ಹರಿಯಿತು.

"ಗಾಳೀದೂ ನೀರಿನ ಗುಣಾನೇ ಅವ್ವಾರ. ಬೆಚ್ಚಗಿಂದು ಮ್ಯಾಲಿಂದ ಹೊಂಟದ, ಥಂಡಿ ಕೆಳಗಿಂದ ಕೂಸಿನ ಮ್ಯಾಲೇ ಬರ್ಲಕತ್ತದ. ಕೂಸಿಗಿ ಮಂಚದ ಮ್ಯಾಲ ಹಾಕ್ರಿ."

ಅಮ್ಮ ಅವರಿಗೆ ಎರಡನೇ ಸಲ ಕಾಫಿ ಕೊಟ್ಟಳು. ಅದು ಅವಳ ಮಟ್ಟಿಗೆ ಸನ್ಮಾನ.

ಕೊನೆಯ ಸಲ ಅವರು ಬಂದಾಗ ಮಗಳು ಓಡಾಡುತ್ತಿದ್ದಳು. ಟ್ಯಾಂಕಿನಲ್ಲಿ ಮತ್ತೆ ನೀರು ಬಿಸಿಯಾಗುತ್ತಿರಲಿಲ್ಲ. ನಾನು ತಾರಸಿಗೆ ಹೋದಾಗ ಭೀಮಣ್ಣ ಪೈಪಿಗೆ ಕೆನ್ನೆ ಕೊಟ್ಟು ನಿಂತಿದ್ದರು. ಕೈ ಇಟ್ಟಿರಲಿಲ್ಲ. ನನ್ನನ್ನು ಕಂಡು ಸರಕ್ಕನೆ ಸರಿದರು. ಬಲಗೈಗೆ ಬಟ್ಟೆ ಸುತ್ತಿತ್ತು, ಅದರಂಚಿನಲ್ಲಿ ಸುಟ್ಟ ಬೊಬ್ಬೆ.

"ಸಕ್ರಿ ಕಾಯಿಲೇರಿ" ಎಂದರು ಆಮೇಲೆ. "ಬೆರಳಿಗಿ ಏನೂ ತಿಳಿವಲ್ದು. ಸುಟ್ಟದ್ದೂ ವಾಸನಿ ಬಂದ ಮ್ಯಾಲೇ ಗೊತ್ತಾತು. ಗಲ್ಲಕ್ಕ ಇನ್ನಾ ತಿಳಿತದ. ಯಾರ ಮುಂದೂ ಹೇಳ್ಬ್ಯಾಡ್ರಿ ಅಕ್ಕಾರ, ಕೈ ಹೋಗ್ಯಾವಂದ್ರ ಯಾರೂ ಕರಿಯಂಗಿಲ್ಲ."

ಅವರು ಗಾಳಿ ಸಿಕ್ಕಿದ್ದ ಕಡೆ ಪೈಪು ಬಿಚ್ಚಿ, ಸರಿಮಾಡಿ, ಜೋಡಿಸಿದರು. ಬಿಸಿಲು ಏರುವವರೆಗೆ ಇಬ್ಬರೂ ಕಾದೆವು.

"ಈಗ ನಿಮ್ಮ ಕೈ ಇಡ್ರಿ. ಮ್ಯಾಲಿನ ಪೈಪ್ ಹ್ಯಾಂಗದ?"

"ಬಿಸಿ ಇದೆ."

"ಕೆಳಗಿಂದು?"

"ತಣ್ಣಗಿದೆ."

ಅವರು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರು. ಏನಕ್ಕೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ನಡದದ್ರಿ" ಎಂದೆ.

ಭೀಮಣ್ಣ ಕಣ್ಣು ಬಿಡದೆಯೇ ನಕ್ಕರು.

ಮರುವರ್ಷ ಅವರ ಫೋನು ಹತ್ತಲಿಲ್ಲ. ಊರಿಗೆ ಹೋದರೆಂದು ಯಾರೋ ಹೇಳಿದರು, ಇನ್ನೂ ಇಲ್ಲೇ ಎಲ್ಲೋ ಕಾವಲು ಕೆಲಸಕ್ಕಿದ್ದಾರೆಂದು ಇನ್ಯಾರೋ. ಚಳಿಗಾಲ ಬಂದಾಗ ಬಿಸಿಲೇರಿದ ಮೇಲೆ ನಾನು ತಾರಸಿಗೆ ಹೋಗಿ ಪೈಪಿನ ಮೇಲೆ ಕೈಯ ಹಿಂಬದಿ ಇಡುತ್ತೇನೆ. ಮೇಲೆ ಬಿಸಿ, ಕೆಳಗೆ ತಣ್ಣಗೆ. ಕಣ್ಣು ಮುಚ್ಚಿ ಕಾಯುವವರು ಪಕ್ಕದಲ್ಲಿಲ್ಲ. ಆದರೂ ಅವರ ಆ ಒಂದು ಮಾತನ್ನು ಬಾಯಿಬಿಟ್ಟೇ ಹೇಳುತ್ತೇನೆ.