ಅತ್ತಿಮರಕ್ಕೆ ಬದಲಿಯಿಲ್ಲ

ಅಕ್ಷತೆಯಷ್ಟು ಉದಾರವಾದ ವಸ್ತುವನ್ನು ನಾನು ಲೋಕದಲ್ಲಿ ಇನ್ನೊಂದು ಕಂಡಿಲ್ಲ. ದೇವರಿಗೆ ವಸ್ತ್ರವಿಲ್ಲವೇ? ಅದರ ಬದಲಿಗೆ ಅಕ್ಷತೆ. ಆಭರಣವಿಲ್ಲವೇ? ಅದಕ್ಕೂ ಅಕ್ಷತೆ. ಛತ್ರ, ಚಾಮರ, ಗಜ, ತುರಗಗಳನ್ನೆಲ್ಲ ಒಂದು ಚಿಟಿಕೆ ಅಕ್ಕಿಯಲ್ಲಿ ಸಮರ್ಪಿಸುತ್ತ, ನಮ್ಮೂರು ಮಂಕಿಯ ಪುಟ್ಟ ಪುಟ್ಟ ದೇವರಕೋಣೆಗಳಿಗೆ ನಾನು ಎಷ್ಟೋ ಆನೆಗಳನ್ನು ತಂದು ಕಟ್ಟಿದ್ದೇನೆ. ಭಗವಂತನು ಭಾವಗ್ರಾಹಿ, ಆನೆಯ ಬಾಲವೆಲ್ಲಿ ಎಂದು ಅವನು ಒಮ್ಮೆಯೂ ಕೇಳಲಿಲ್ಲ.

ಇಂಥ ಪುರೋಹಿತನು ಪರಿಸರ ರಕ್ಷಣೆಯವರ ಸಾಲಿಗೆ ಸೇರಿದ್ದು ಹೇಗೆಂದು ನೀವು ಕೇಳಬಹುದು. ಈಚೆಗೆ ಕುಮಟೆಯ ಸಭೆಯೊಂದರಲ್ಲಿ ನನ್ನನ್ನು ‘ಪರಿಸರಪ್ರೇಮಿ’ ಎಂದು ಕರೆದು, ಕರಾವಳಿಯ ಸೆಖೆಯಲ್ಲಿ ದಪ್ಪನೆಯ ಶಾಲು ಹೊದೆಸಿ, ಬೆವರಿಳಿಸಿ ಕಳುಹಿಸಿದರು. ಜಾಥಾಕ್ಕೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಘೋಷಣೆ ಕೂಗಹೊರಟರೆ ಕಂಠವು ತಾನಾಗಿ ಮಂತ್ರದ ಸ್ವರಕ್ಕೆ ಹೊರಳುತ್ತದೆ. ನಾನು ಬಂದ ದಾರಿಯೇ ಬೇರೆ. ಅದು ಗಣಪಯ್ಯ ನಾಯ್ಕನ ಅಂಗಳದಿಂದ ಹೊರಟದ್ದು.

ಗಣಪಯ್ಯ ಲಾರಿ ಓಡಿಸಿ ಬದುಕು ಕಟ್ಟಿಕೊಂಡವನು. ಹೊಸ ಮನೆ ಕಟ್ಟಿಸಿ, ಗೃಹಪ್ರವೇಶದ ಪತ್ರಿಕೆ ಹಂಚಿ, ಹೋಮಕುಂಡಕ್ಕೆ ಜಾಗ ತೋರಿಸಲು ನನ್ನನ್ನು ಕರೆದಿದ್ದ. ಗೇಟು ಬರಬೇಕಾದಲ್ಲಿ ಒಂದು ಅತ್ತಿಮರ, ಬುಡದಿಂದಲೇ ಗೊಂಚಲು ಗೊಂಚಲಾಗಿ ಕಾಯಿ ಹೊತ್ತು ನಿಂತಿತ್ತು.

“ನಾಳೆ ಮಧ್ಯಾಹ್ನ ಜೆಸಿಬಿ ಬತ್ತದೆ ಭಟ್ರೆ. ಇದೊಂದು ತೆಗ್ದ್ರೆ ಕಾರು ಸೀದಾ ಒಳಗೆ” ಎಂದ.

ಬಾಲ್ಯದಲ್ಲಿ ಬೆತ್ತದ ಭಯದಿಂದ ಬಾಯಿಪಾಠ ಮಾಡಿದ ನಿಘಂಟಿನಲ್ಲಿ ಅತ್ತಿಮರಕ್ಕಿರುವ ಹೆಸರುಗಳಲ್ಲಿ ಎರಡು: ಯಜ್ಞಾಂಗ, ಜಂತುಫಲ. ಒಂದರಲ್ಲಿ ಅದು ಯಜ್ಞದ ಅವಯವ. ಇನ್ನೊಂದರಲ್ಲಿ, ಹುಳುಗಳಿಗೆ ಮನೆಯಾದ ಹಣ್ಣು. ದೇವರಿಗೂ ಹುಳುವಿಗೂ ಒಂದೇ ಮರದಲ್ಲಿ ಪಾಲಿಟ್ಟ ಹಿರಿಯರ ಧೈರ್ಯವನ್ನು ನೆನೆದರೆ ಇಂದಿಗೂ ಕೈ ಮುಗಿಯುವಂತಾಗುತ್ತದೆ. ಆದರೆ ಗಣಪಯ್ಯನ ಮುಂದೆ ನಿಘಂಟು ಬಿಚ್ಚಿ ಫಲವಿರಲಿಲ್ಲ.

“ಕಳಶಕ್ಕೆ ಐದು ಮರಗಳ ಚಿಗುರು ಬೇಕು. ಅತ್ತಿಯೂ ಅದರಲ್ಲೊಂದು” ಎಂದಷ್ಟೇ ಹೇಳಿದೆ.

“ಅದಕ್ಕೆಂತ? ಒಂದು ಚಿಟಿಕೆ ಅಕ್ಷತೆ ಹಾಕಿ, ಆತು! ನಮ್ಮನೆ ಪೂಜೆಲಿ ನೀವೇ ಅಕ್ಷತೆ ಹಾಕಿ ದೇವ್ರಿಗೆ ಆನೆ ಕೊಡ್ಸಿದ್ರಿ. ಆನೆಗೆ ಆಗ್ತದೆ, ಅತ್ತಿಮರಕ್ಕೆ ಆಗುದಿಲ್ವ?”

ನೋಡಿ, ನನ್ನ ಶಿಷ್ಯನಾಗಿದ್ದರೆ ಆ ತರ್ಕಕ್ಕೆ ನಾನೇ ಭೇಷ್ ಎನ್ನುತ್ತಿದ್ದೆ. ಆದರೆ ಅಕ್ಷತೆಯ ವಿಧಿಯು ಬಡವನ ಮೇಲಣ ಕರುಣೆಯಿಂದ ಹುಟ್ಟಿದ್ದು. ಇಲ್ಲದ್ದನ್ನು ಅದು ತುಂಬಿಕೊಡುತ್ತದೆಯೇ ಹೊರತು, ಇದ್ದುದನ್ನು ಇಲ್ಲವಾಗಿಸಲು ಅಪ್ಪಣೆ ಕೊಡುವುದಿಲ್ಲ.

“ಹಾಗಾದರೆ ಪುರೋಹಿತನ ಬದಲಿಗೂ ಒಂದು ಚಿಟಿಕೆ ಹಾಕಿಕೊಂಡು ಒಳಗೆ ಹೋಗು ಗಣಪಯ್ಯ. ಈ ಮರ ಕಡಿದ ಅಂಗಳಕ್ಕೆ ನಾನು ಕಾಲಿಡುವವನಲ್ಲ.”

ಅವನ ಮುಖ ಕೆಂಪಾಯಿತು. “ಭಟ್ಕಳದಲ್ಲಿ ಭಟ್ರಿಗೆ ಬರಗಾಲವಾ?”

“ಇಲ್ಲ. ಧಾರಾಳವಾಗಿ ಕರೆಸು” ಎಂದು ಕೊಡೆ ತೆಗೆದುಕೊಂಡು ಹೊರಟೆ. ಗಣಪಯ್ಯ ಮುನಿದರೆ ಅವನ ನೆಂಟರ ಮನೆಗಳೂ ನನ್ನ ಪಾಲಿಗೆ ಇಲ್ಲವಾಗುತ್ತಿದ್ದವು. ಆದರೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಗ್ಗೆ, ನಾನಿನ್ನೂ ಪೂಜೆ ಮುಗಿಸಿ ಏಳುತ್ತಿರುವಾಗ, ಗಣಪಯ್ಯ ಜಗಲಿಯಲ್ಲಿ ಬಂದು ಕೂತಿದ್ದ.

“ಭಟ್ಕಳದವ್ರು ಒಪ್ಪಿದ್ರು ಭಟ್ರೆ. ನಮ್ಮ ಮಾದೇವಿ ಒಪ್ಪುದಿಲ್ಲ. ಮರ ತೆಗೆದ್ರೆ ಬಟ್ಟೆ ಒಣಗ್ಸೂ ಹಗ್ಗ ನಿಮ್ಮ ಕಾರಿಗೆ ಕಟ್ಟುದಾ ಕೇಳ್ತಾಳೆ. ಕಳಶ ಹೊರೂದೇ ಇಲ್ಲ ಅಂತಾಳೆ. ಹೆಂಡ್ತಿ ಕಳಶ ಹೊರದಿದ್ರೆ ಎಂತ ಗೃಹಪ್ರವೇಶ? ಜೆಸಿಬಿಯವ್ನಿಗೆ ಬೇಡ ಅಂದೆ. ಗೇಟು ಬಡಗ ಬದಿಗೆ ಹಾಕ್ತೆ. ನೀವು ಬನ್ನಿ ಮಾರಾಯ್ರೆ!”

ನನ್ನ ಶಾಸ್ತ್ರ ಅರ್ಧ ದಾರಿ ನಡೆಯಿತು, ಮಾದೇವಿಯ ಹಗ್ಗ ಉಳಿದರ್ಧ ಎಳೆಯಿತು. ಕಾರಣ ಯಾವುದಾದರೇನು? ಮರ ಕಾಯುವ ಕೆಲಸಕ್ಕೆ ಒಂದೇ ಮಹಾದ್ವಾರವಿರಬೇಕೆಂದು ನಾನು ಒಪ್ಪುವುದಿಲ್ಲ. ಅವರವರ ಮನೆಯ ಹಿಂಬಾಗಿಲಿನಿಂದಲೂ ಒಳಗೆ ಬರಬಹುದು.

ಅಂದಿನಿಂದ ಯಾರು ಕರೆದರೂ ಮುಹೂರ್ತಕ್ಕೆ ಮೊದಲು ನಾನು ಅಂಗಳದಲ್ಲಿರುವ ಮರಗಳನ್ನು ವಿಚಾರಿಸುತ್ತೇನೆ. ಹೊನ್ನಾವರದ ಕೆಲವರು ಇದು ಅಧಿಕಪ್ರಸಂಗವೆಂದು ಬೇರೆಯವರನ್ನು ಕರೆಸಿಕೊಂಡರು. ಕರೆಸಿಕೊಳ್ಳಲಿ. ಈ ವಯಸ್ಸಿನಲ್ಲಿ ಊಟದ ಎಲೆಗಳು ಕಡಿಮೆಯಾದರೆ ದೇಹಕ್ಕೂ ಹಿತ. ಪ್ರಶ್ನೆಯನ್ನು ಮಾತ್ರ ಬಿಡಲಾರೆ.

ಗಣಪಯ್ಯನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅತ್ತಿ ಹಣ್ಣಾಗುವ ಕಾಲಕ್ಕೆ ಮಂಗಟ್ಟೆ ಹಕ್ಕಿಗಳಿಂದ ಹಿಡಿದು ಗಿಳಿಗಳವರೆಗೆ ಸಕಲರೂ ಅಲ್ಲಿ ಸಂತರ್ಪಣೆಗೆ ನೆರೆಯುತ್ತಾರೆ. ಮೊನ್ನೆ ದಾರಿಯಲ್ಲಿ ನನ್ನನ್ನು ತಡೆದು, “ನಿಮ್ಮ ಮರದ ಹಕ್ಕಿಗಳು ನನ್ನ ಕಾರಿನ ಮೇಲೇ ಹಾಕ್ತವೆ ಭಟ್ರೆ! ತೊಳ್ದು ತೊಳ್ದು ಸಾಕಾತು” ಎಂದು ದೂರಿದ.

“ಸುಮ್ಮನೆ ಮಾಡಿಸಿಕೋ ಗಣಪಯ್ಯ” ಎಂದೆ. “ದಕ್ಷಿಣೆ ಕೇಳದೆ ನಿತ್ಯ ಅಭಿಷೇಕ ಮಾಡುವ ಪುರೋಹಿತರು ಈ ಮೂರು ತಾಲೂಕಿನಲ್ಲಿ ನಿನಗೆ ಬೇರೆ ಸಿಗಲಾರರು.”