ಬಲಗಡೆ ಸೀಟಿನ ಬೋರಣ್ಣ

ಎದುರಿಗೆ ಬರುವ ಜೀಪಿನ ಬಲಗಡೆ ಸೀಟಿನಲ್ಲಿ ಕೂತವನು ಕೈಕಟ್ಟಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡಿದ್ದರೆ ನೋಡಿದವರು ಏನು ಮಾಡಬೇಕು? ಮದ್ದೂರು ಕಡೆಯ ಜನ ಎತ್ತಿನ ಗಾಡಿಯನ್ನು ರಸ್ತೆಯಿಂದ ಇಳಿಸಿ, ಸೈಕಲ್ಲನ್ನು ಬೇಲಿಗೆ ನುಗ್ಗಿಸಿ, "ಲೇ, ಡ್ರೈವರ್ ನಿದ್ದೆ ಒಡೀತಾವ್ನೆ ಕಣ್ಲಾ!" ಎಂದು ಕೂಗುತ್ತಿದ್ದರು. ಅದು ಪರದೇಶದ ಜೀಪು, ಸ್ಟಿಯರಿಂಗು ಎಡಗಡೆ ಇದೆ, ಅದನ್ನು ಹಿಡಿದು ಬೆವರುತ್ತಿರುವವನು ನಾನು ಎಂಬುದು ಜೀಪು ದಾಟಿಹೋದ ಮೇಲೆ ಅವರಿಗೆ ತಿಳಿಯುತ್ತಿತ್ತು. ಬಲಗಡೆ ಕೂತವನು ನನ್ನ ಮೆಕ್ಯಾನಿಕ್ಕು ಬೋರಣ್ಣ. ಅವನು ನಿದ್ದೆ ಮಾಡುತ್ತಿರಲಿಲ್ಲ, ಇಂಜಿನ್ನಿನ ಸದ್ದು ಕೇಳುತ್ತಿದ್ದ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೆಸಗರಹಳ್ಳಿಯ ದನದ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು. ಹಳ್ಳಿ ಸುತ್ತಲು ಸೈಕಲ್ಲೇ ಗತಿ. ಮೊದಲ ಮಳೆಗಾಲದಲ್ಲೇ ನಾಲೆ ಏರಿಯ ಕೆಸರಿನಲ್ಲಿ ಸೈಕಲ್ಲು ನನ್ನನ್ನು ಹೊರುವ ಬದಲು ನಾನೇ ಅದನ್ನು ಹೊತ್ತುಕೊಂಡು ನಿಂಗಮ್ಮ ಎಂಬಾಕೆಯ ಮನೆ ತಲುಪುವಷ್ಟರಲ್ಲಿ, ಕರು ಹಾಕಲಾರದೆ ಅವಳ ಹಸು ಸತ್ತುಹೋಗಿತ್ತು. ಗಂಡನಿಲ್ಲದ ಹೆಂಗಸು, ಹಾಲು ಮಾರಿ ಬದುಕುವವಳು. ಕೊಟ್ಟಿಗೆಯಲ್ಲಿ ಇನ್ನು ಉಳಿದದ್ದು ಆ ಹಸುವಿನ ಮಗಳು, ಒಂದು ಕಡಸು ಮಾತ್ರ. ನಿಂಗಮ್ಮ ನನ್ನನ್ನು ಬೈಯಲಿಲ್ಲ. "ನೀವಾರ ಏನ್ ಮಾಡೀರಿ ಬುಡಿ, ರೆಕ್ಕೆ ಅದಾ?" ಎಂದಳು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಮಾತು ಮಾತ್ರ ಎದೆಯಲ್ಲೇ ಕೂತಿತು. ಆ ಕಡಸು ಕರು ಹಾಕುವ ಹೊತ್ತಿಗೆ ಕೆಸರಿಗೆ ಹೆದರದ ಗಾಡಿಯೊಂದನ್ನು ಮಾಡಿಕೊಳ್ಳಲೇಬೇಕೆಂದು ಹಟ ಹಿಡಿದೆ.

ಸಿಕ್ಕಿದ್ದು ಮದ್ದೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಹಿತ್ತಿಲಲ್ಲಿ. ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಜೀಪು. ಮೂರು ಕೈ ದಾಟಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಒಂದು ಜೊತೆ ಒಳ್ಳೆಯ ಎತ್ತಿಗಿಂತ ಅಗ್ಗ. ಬಾಡಿಗೆಗೆ ತಂದ ಒಂದು ಜೊತೆ ಎತ್ತಿನಿಂದಲೇ ಎಳೆಸಿಕೊಂಡು ಶಿಂಷಾ ಸೇತುವೆ ಹತ್ತಿರದ ಬೋರಣ್ಣನ ಶೆಡ್ಡಿಗೆ ತಂದೆ.

ಬೋರಣ್ಣನ ಅಪ್ಪ ದನದ ವ್ಯಾಪಾರಿ. ಬೋರಣ್ಣ ಆಲೆಮನೆಗಳಲ್ಲಿ ಕಬ್ಬು ಅರೆಯುವ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಾ ಕೆಲಸ ಕಲಿತವನು. ಹಾಗಾಗಿ ಅವನ ಕೈಗೆ ಇಂಜಿನ್ನು ಗೊತ್ತಿತ್ತು, ನಾಲಗೆಗೆ ದನ ಗೊತ್ತಿತ್ತು. ಜೀಪಿನ ಸುತ್ತ ಮೂರು ಸುತ್ತು ಹಾಕಿದ, ಬಾನೆಟ್ಟು ಎತ್ತಿ ಹಲ್ಲು ನೋಡುವವನ ಹಾಗೆ ಇಣುಕಿದ, ಪಕ್ಕೆಗೊಂದು ಏಟು ಕೊಟ್ಟ. "ಜಾತಿ ಒಳ್ಳೇದು ಡಾಕ್ಟ್ರೇ. ಮೇವ್ ಆಕ್ದೆ ಕೆಡುಸ್ಬುಟ್ಟವ್ರೆ" ಎಂದ.

ತಿಂಗಳು ಹಿಡಿಯಿತು. ಕಾರ್ಬುರೇಟರು ಬಿಚ್ಚಿದರೆ "ಗಂಟ್ಲಲ್ಲಿ ಕಫ" ಎನ್ನುತ್ತಿದ್ದ. ಕೋಳಿ ಪುಕ್ಕ ಅಲ್ಲಿಯವರೆಗೂ ಹೋಗಿತ್ತು. ಗ್ರೀಸಿಗೆ "ಬೆಣ್ಣೆ" ಎನ್ನುವನು. ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವ ಒಂದು ಲಿವರು ತುಕ್ಕು ಹಿಡಿದು ಕೂತಿತ್ತು. ಅದಕ್ಕೆ ಅವನ ಭಾಷೆಯಲ್ಲಿ "ಮುಂದ್ಲ ಜೋಡಿ ಊಡೋದು" ಎಂದು ಹೆಸರು. ಹಾರನ್ನಿನಿಂದ ಸದ್ದು ಹೊರಡಿಸಲು ಆಗಲಿಲ್ಲ. ಅಪ್ಪನ ಕಾಲದ ಎತ್ತಿನ ಗಂಟೆಯೊಂದನ್ನು ತಂದು ಮುಂದುಗಡೆ ಕಟ್ಟಿ, ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ. ಕೊನೆಗೊಂದು ಭಾನುವಾರ ಹ್ಯಾಂಡಲು ತಿರುಗಿಸಿದಾಗ ಜೀಪು ಕೆಮ್ಮಿ, ಉಗುಳಿ, ಗುಡುಗಿತು. ನಾನು ಸಂತೋಷದಿಂದ ಅವನಿಗೆ ಸ್ಟಿಯರಿಂಗಿನ ಸೀಟು ಬಿಟ್ಟುಕೊಟ್ಟೆ. ಅವನು ಬಲಗಡೆಗೆ ಹೋಗಿ ಕೂತ. "ನೀವ್ ಓಡ್ಸಿ, ನಾನ್ ಕೇಳಿಸ್ಕತೀನಿ."

ಅವತ್ತು ಒಂದೇ ಒಂದು ಪಾಠ ಹೇಳಿದ. "ದಿನಾ ಒತ್ತಾರೆ ನೀರು, ಎಣ್ಣೆ, ಗಾಳಿ ನೋಡಿ ಡಾಕ್ಟ್ರೇ. ದನ ಅಸ್ಕೊಂಡ್ರೆ ಅಂಬಾ ಅಂತದೆ. ಇದು ಬಾಯ್ಬುಡಾಕಿಲ್ಲ, ಸೀದಾ ಪ್ರಾಣ ಬುಡ್ತದೆ." ಜೊತೆಗೊಂದು ಉಪಾಯ: ರೇಡಿಯೇಟರು ಸಣ್ಣಗೆ ಸೋರಿದರೆ ಒಂದು ಚಿಟಿಕೆ ಅರಿಸಿನ ಹಾಕುವುದು, ತೂತು ಮುಚ್ಚಿಕೊಳ್ಳುತ್ತದೆ.

ಆ ಬೇಸಿಗೆಯಲ್ಲಿ ಕೊಕ್ಕರೆ ಬೆಳ್ಳೂರಿನಲ್ಲಿ ಅದು ಸೋರಿತು. ಹುಣಿಸೆಮರದ ಕೆಳಗೆ ನಿಲ್ಲಿಸಿದ್ದು ನನ್ನ ಮೊದಲ ತಪ್ಪು. ಮೇಲಿನ ಕೊಕ್ಕರೆಗಳೆಲ್ಲ ಸೇರಿ ಜೀಪಿಗೂ ನನಗೂ ಸುಣ್ಣ ಬಳಿದವು. ಎದುರು ಮನೆಯಲ್ಲಿ ಅರಿಸಿನ ಕೇಳಿದೆ. "ಅರ್ಸಿನ ಮುಗ್ದದೆ ಕಣಪ್ಪ, ರಾಗಿಟ್ಟು ಆಯ್ತದಾ?" ಎಂದಿತು ಅಜ್ಜಿ. ಪುಡಿಗೆ ಪುಡಿ, ಯಾವುದಾದರೇನು ಎಂದುಕೊಂಡೆ. ಎರಡು ಹಿಡಿ ಹಾಕಿದೆ. ಸೋರುವುದು ನಿಂತಿತು. ಆಮೇಲೆ ನೀರು ಹರಿಯುವುದೂ ನಿಂತಿತು. ಮದ್ದೂರು ತಲುಪುವ ಹೊತ್ತಿಗೆ ಜೀಪಿನ ಮೂತಿಯಿಂದ ಅಂಬಲಿಯ ವಾಸನೆ ಬರುತ್ತಿತ್ತು.

ಬೋರಣ್ಣ ಮುಚ್ಚಳ ತೆಗೆದ, ಕಡ್ಡಿ ಹಾಕಿ ತಿರುವಿದ, ಮೂಸಿದ. "ಎಸ್ಟ್ ಚೆಂದಾಗ್ ಬೆಂದದೆ! ಒಂದ್ ಗಂಟೂ ಇಲ್ಲ. ಸೊಪ್ಪಿನ್ ಸಾರ್ ತರ್ಸಾನಾ, ಡಾಕ್ಟ್ರೇ?" ಎಂದವನು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಮುಂದೆ ಎಷ್ಟೋ ದಿನ ಮದ್ದೂರಿನಲ್ಲಿ ನನಗೆ ಮುದ್ದೆ ಡಾಕ್ಟರು ಎಂದೇ ಹೆಸರು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ರೇಡಿಯೇಟರನ್ನು ಮತ್ತೆ ಕೂರಿಸುತ್ತಿರುವಾಗ ಸುದ್ದಿ ಬಂತು: ನಿಂಗಮ್ಮನ ಕಡಸು ಬೆಳಗಿನಿಂದ ನೋವು ತಿನ್ನುತ್ತಿದೆ, ಕರು ಅಡ್ಡ ಬಿದ್ದಿದೆ. ನಾನು ಔಷಧಿ ಚೀಲವನ್ನು ಜೀಪಿಗೆ ಎಸೆದೆ. ಬೋರಣ್ಣ ಕೊನೆಯ ನಟ್ಟು ಬಿಗಿದು, ಸ್ಪಾನರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಲಗಡೆ ಹತ್ತಿ ಕೂತ.

ನಾಲೆ ಏರಿಯ ಮೇಲೆ ಅರ್ಧ ದಾರಿಗೆ ಜೀಪು ಹೂತುಕೊಂಡಿತು. ಹಿಂದಿನ ವರ್ಷ ನಾನು ಸೈಕಲ್ಲು ಹೊತ್ತ ಜಾಗವೇ. ಹಿಂದಿನ ಚಕ್ರಗಳು ಕೆಸರು ಎರಚಿದವೇ ಹೊರತು ಜೀಪು ಅಲ್ಲಾಡಲಿಲ್ಲ. ಈ ಸಲವೂ ತಡವಾಯಿತು ಎಂದು ನನಗೆ ಅಳುವೇ ಬಂತು.

ಬೋರಣ್ಣ ಕಣ್ಣು ತೆರೆದ. "ಮುಂದ್ಲ ಜೋಡಿ ಊಡಿ, ಡಾಕ್ಟ್ರೇ!"

"ಬರ್ತಿಲ್ಲ ಬೋರಣ್ಣ, ಬಿಗಿಯಾಗಿದೆ!"

"ಮೊದ್ಲು ಗಾಡಿ ಉಸ್ರಾಡ್ಲಿ, ಆಕ್ಸಿಲೇಟ್ರು ಬುಡಿ" ಎಂದು ಹಿಮ್ಮಡಿಯಿಂದ ಲಿವರಿಗೆ ಒದ್ದ. ಅದು ಕಟಕ್ಕೆಂದು ಕೂತಿತು. "ಹೋಯ್... ಬಾ ನನ್ನಪ್ಪ... ಬಾ" ಎಂದು ಎತ್ತಿಗೆ ಹೇಳುವ ಹಾಗೆ ಬಾಗಿಲ ಪಕ್ಕ ಸವರಿದ. ಜೀಪು ಮೊಣಕಾಲೂರಿದ ಎತ್ತಿನಂತೆ ಮುಂದಕ್ಕೆ ಬಗ್ಗಿ, ಎದ್ದೇಬಿಟ್ಟಿತು. ಆಗ ನಾನು ಕೂಗಿದ ಕೂಗು ನಿಂಗಮ್ಮನ ಮನೆಗೆ ಕೇಳಿಸಿತಂತೆ.

ಎರಡು ಗಂಟೆ ಹೆಣಗಿದೆ. ಕರುವನ್ನು ಒಳಗೇ ತಿರುಗಿಸಿ ಎಳೆದೆ. ಹೆಣ್ಣುಗರು. ಕಿವಿ ಒದರಿಕೊಂಡು ಸೀನಿತು. ತಾಯಿ ಅದನ್ನು ನೆಕ್ಕತೊಡಗಿದಾಗ ನಿಂಗಮ್ಮ ನನ್ನನ್ನೂ ಜೀಪನ್ನೂ ನೋಡಿ, "ಈ ಸಲ ರೆಕ್ಕೆ ಬಂದದೆ ಕಣಪ್ಪ ನಿಮ್ಗೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೊಂದಿಲ್ಲ.

ಹೊರಡುವಾಗ ನೋಡಿದರೆ ನನ್ನ ತೋಳು ಮರಗಟ್ಟಿ ಬೆರಳು ಮಡಚುತ್ತಿರಲಿಲ್ಲ. "ಬೋರಣ್ಣ, ನೀನೇ ಓಡಿಸಬೇಕು" ಎಂದೆ. ಅವನ ಮುಖ ಸಣ್ಣದಾಯಿತು. ಸುತ್ತ ಯಾರಿಲ್ಲವೆಂದು ನೋಡಿಕೊಂಡು ಕಿವಿಯ ಹತ್ತಿರ ಬಂದ.

"ನಂಗ್ ಓಡ್ಸಾಕ್ ಬರಾಕಿಲ್ಲ, ಡಾಕ್ಟ್ರೇ."

ಊರಿನ ಅರ್ಧ ಗಾಡಿಗಳಿಗೆ ಜೀವ ಕೊಟ್ಟವನು! ನನಗೆ ನಗು ತಡೆಯಲಾಗಲಿಲ್ಲ. "ನಮ್ಮಪ್ಪನೂ ಎತ್ತು ತಿದ್ದಿ ಮಾರೋನೇ ಕಣಿ, ಉತ್ತೋನಲ್ಲ" ಎಂದು ಅವನೂ ನಕ್ಕ. ಅವನನ್ನು ಎಡಗಡೆ ಕೂರಿಸಿ, ನಾನು ಬಲಗಡೆ ಕೂತು, ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟೆ. ಮುಂದಿನ ಜೋಡಿ ಹೂಡಿಕೊಂಡೇ, ಮೊದಲನೇ ಗೇರಿನಲ್ಲೇ ಮದ್ದೂರಿನವರೆಗೆ ಬಂದ. ಮೇದು ಮನೆಗೆ ಮರಳುವ ದನಗಳು ನಮ್ಮನ್ನು ಹಿಂದೆ ಹಾಕಿದವು. ಎರಡನೇ ಗೇರು ಹಾಕು ಎಂದರೆ, "ಒಂದ್ರಲ್ಲೇ ಓಯ್ತಾ ಅದಲ್ಲ, ಯಾಕ್ ಸುಮ್ಕೆ ಕೆಣಕೋದು" ಎಂದ.

ಎರಡು ವರ್ಷದ ಮೇಲೆ ನನಗೆ ರಾಯಚೂರಿನ ಕಡೆಗೆ ವರ್ಗವಾಯಿತು. ಜೀಪನ್ನು ಮಾರಲು ಮನಸ್ಸು ಬರಲಿಲ್ಲ, ಬೋರಣ್ಣನಿಗೇ ಬಿಟ್ಟೆ. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಅವನು ಬರಲಿಲ್ಲ. ಬೇಜಾರಿನಿಂದಲೇ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಟು ಸ್ವಲ್ಪ ದೂರ ಹೋದ ಮೇಲೆ ಗಂಟೆಯ ಸದ್ದು ಕೇಳಿಸಿತು. ಹಿಂತಿರುಗಿ ನೋಡಿದರೆ ಜೀಪು! ಬಲಗಡೆ ಸೀಟು ಖಾಲಿ. ದಾರಿಯ ಜನ ಚೆದುರಿ ಓಡುತ್ತಾ ಕೂಗುತ್ತಿದ್ದರು: "ಲೇ, ಡ್ರೈವರೇ ಇಲ್ಲ ಕಣ್ಲಾ!"

ಎಡಗಡೆ ಬೋರಣ್ಣ ಎರಡೂ ಕಣ್ಣುಗಳನ್ನು ಅಗಲವಾಗಿ ತೆರೆದುಕೊಂಡು ಕೂತಿದ್ದ. ಒಬ್ಬನೇ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ಎರಡನೇ ಗೇರು ಹಾಕು, ಬೋರಣ್ಣ!" ಎಂದು ಕೂಗಿದೆ. ಅವನಿಗೆ ಏನು ಕೇಳಿಸಿತೋ, ಸ್ಟಿಯರಿಂಗು ಬಿಟ್ಟು ಎರಡೂ ಕೈ ಎತ್ತಿ ಮುಗಿದ. ಮರುಗಳಿಗೆಯೇ ಗಾಬರಿಯಿಂದ ಮತ್ತೆ ಹಿಡಿದುಕೊಂಡ. ಬಸ್ಸು ಮುಂದೆ ಹೋಯಿತು, ಜೀಪು ಸಣ್ಣದಾಯಿತು.

ಅವನನ್ನು ಮತ್ತೆ ನೋಡುವ ಯೋಗ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮದ್ದೂರಿಗೆ ಹೋದಾಗ ಶೆಡ್ಡಿದ್ದ ಜಾಗದಲ್ಲಿ ಬೇರೆ ಅಂಗಡಿ ಇತ್ತು. ಬೋರಣ್ಣ ತೀರಿಕೊಂಡು ಬಹಳ ಕಾಲವಾಯಿತು ಎಂದರು. ದುಃಖವಾಯಿತು. ಅವನು ಕೊನೆಗೂ ಎರಡನೇ ಗೇರು ಹಾಕಿದನೇ ಎಂದು ಒಬ್ಬಿಬ್ಬರನ್ನು ಕೇಳಿದೆ. "ಯಾವ್ ಗೇರು ಸ್ವಾಮಿ?" ಎಂದು ಅವರು ನನ್ನನ್ನೇ ಕೇಳಿದರು.