ಒಲೆಯ ಪಕ್ಕದ ಹಾಡು

ಅಪ್ಪ ಹಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಯಾರದೋ ಮನೆಯಲ್ಲಿ. ಎಂಬತ್ತರ ದಶಕದ ಕೊನೆ. ಆಗ ನಾನೂ ಹೆಂಡತಿಯೂ ಸಿಡ್ನಿಯ ಟೂಂಗಾಬಿ ಬಡಾವಣೆಯಲ್ಲಿದ್ದೆವು. ಮೈಸೂರಿನಿಂದ ಬಂದಿದ್ದ ಅಪ್ಪನನ್ನು ಕೂರಿಸಿಕೊಂಡು, ಸಿಡ್ನಿಯಿಂದ ಉತ್ತರಕ್ಕೆ ಬಹಳ ದೂರ ಡ್ರೈವ್ ಮಾಡಿ, ಅಲ್ಲಿನ ಹಳ್ಳಿಗಾಡಿನ 'ಕಂಟ್ರಿ' ಹಾಡುಗಳ ಹೆಸರಾಂತ ಹಾಡುಗಾರನೊಬ್ಬ ಬೆಳೆದ ಫಾರ್ಮ್ ಮನೆ ನೋಡಲು ಹೋಗಿದ್ದೆವು. ಒರಟು ಹಲಗೆಯ ಗೋಡೆ, ತಗಡಿನ ಸೂರು, ಮಸಿ ಹಿಡಿದ ಅಡುಗೆಮನೆ.

ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಬೇಕಾಗಿಲ್ಲಪ್ಪ, ಇದು ಮ್ಯೂಸಿಯಂ ಥರ."

"ಒಲೆ ಕಾಣಿಸ್ತಿದೆಯಲ್ಲೋ. ಮನೇನೇ ಇದು."

ಆ ಒಲೆಯ ಪಕ್ಕ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಒಂದು ದೇವರನಾಮ ಹಾಡಿದರು.

ಊರಿಗೆ ಮರಳಿದ ಮೇಲೆ ಅಪ್ಪ ತೀರಿಕೊಂಡರು. ನಾವು ಮೆಲ್ಬರ್ನ್‌ಗೆ ಬಂದೆವು. ಊಟಕ್ಕೆ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದೆ. ಒಂದು ಭಾನುವಾರ, ಅತಿಥಿಗಳು ಹೋದ ಮೇಲೆ, ಹೆಂಡತಿ ಪಾತ್ರೆ ತೊಳೆಯುತ್ತಾ ಹೇಳಿದಳು:

"ರೀ, ಮಾವ ಅವತ್ತು ಕಾರಿಂದ ಇಳೀಲೇ ಇಲ್ಲ. ಮಂಡಿನೋವು ಅಂತ ನನ್ ಜೊತೆ ಕೂತ್ಕೊಂಡು ಚಕ್ಕುಲಿ ತಿಂತಿದ್ರು."

"ನಿನಗೆ ಮರೆತುಹೋಗಿದೆ."

"ಪಿಎಚ್‌ಡಿ ಮಾಡಿರೋದು ನೀವು. ಪ್ರೂವ್ ಮಾಡಿ."

ಅವಳು ತಮಾಷೆಗೆ ಅಂದಿದ್ದು. ನನಗೆ ನೆಮ್ಮದಿ ಹೋಯಿತು. ಆ ಹಾಡೂ ಸುಳ್ಳಾದರೆ, ಅಪ್ಪನ ದನಿಯೆಂದು ನನ್ನ ಬಳಿ ಉಳಿಯುವುದು ಗದರಿಕೆ ಮಾತ್ರ.

ಕೆಲಸದ ಮೇಲೆ ಸಿಡ್ನಿಗೆ ಹೋದಾಗ ಕಾರು ಬಾಡಿಗೆಗೆ ಹಿಡಿದು ಮತ್ತೆ ಅಲ್ಲಿಗೆ ಹೋದೆ. ಮನೆ ನೋಡಿಕೊಳ್ಳುವ ಹೆಂಗಸು ಹಳಬಳೇ. ಅಡುಗೆಮನೆಯಲ್ಲಿ ನಿಂತು, ಇಂಡಿಯಾದ ಮುದುಕರೊಬ್ಬರು ಇಲ್ಲಿ ಹಾಡಿದ್ದು ನೆನಪಿದೆಯೇ ಎಂದು ಕೇಳಿದೆ.

"ಹಾಡಿದ್ದು ನೆನಪಿದೆ. ಆದರೆ ಮುದುಕ ಅಲ್ಲವಲ್ಲ," ಎಂದಳು. "ಒಬ್ಬನೇ ಬಂದಿದ್ದ. ಹೆಚ್ಚುಕಡಿಮೆ ನಿಮ್ಮ ಎತ್ತರ. ಶೂ ಹೊರಗೆ ಬಿಟ್ಟಿದ್ದ, ಹೀಗೇ."

ಅವಳು ನನ್ನ ಕಾಲು ನೋಡುತ್ತಿದ್ದಳು. ನಾನೂ ನೋಡಿಕೊಂಡೆ. ಬರೀ ಕಾಲುಚೀಲ. ಶೂ ಬಾಗಿಲಾಚೆ ಇತ್ತು. ಬಿಚ್ಚಿದ್ದು ನೆನಪಿಲ್ಲ.

"ನನಗೆ ಹಾಡೋಕೆ ಬರಲ್ಲ," ಎಂದೆ.

"ಹಾಗಾದರೆ ಬೇರೆ ಯಾರೋ," ಎಂದು ನಕ್ಕು ಹೊರಗೆ ಹೋದಳು.

ಅವಳ ನೆನಪೂ ತಪ್ಪಿರಬಹುದು. ಪರೀಕ್ಷಿಸುವುದು ಸುಲಭವಿತ್ತು. ಒಲೆಯ ಪಕ್ಕ ಕೂತು ಕಣ್ಣು ಮುಚ್ಚಿದೆ. ಯಾರೂ ಕಲಿಸದ ಆ ದೇವರನಾಮ ಪಲ್ಲವಿಯಿಂದ ಕೊನೆಯವರೆಗೂ ನಾಲಗೆಯ ತುದಿಗೆ ಬಂದು ನಿಂತಿತು.

ಬಾಯಿ ಬಿಡಲಿಲ್ಲ. ಹಾಡಿಬಿಟ್ಟಿದ್ದರೆ ಅವತ್ತು ಹಾಡಿದವನು ನಾನೇ, ಅಪ್ಪ ಆ ಮನೆಯೊಳಗೆ ಬಂದೇ ಇರಲಿಲ್ಲ ಎಂದಾಗುತ್ತಿತ್ತು.